ನಿದ್ರೆಯಲ್ಲಿ ನಿಲ್ಲುವ ಉಸಿರು: ಹಲ್ಲಿನ ವೈದ್ಯರ ಬಳಿಯೂ ಇದೆ ಪರಿಹಾರ

ಗೊರಕೆಯೆಂದರೆ ಬಹುತೇಕ ಮನೆಗಳಲ್ಲಿ ನಗೆಚಾಟಿಕೆಯ ವಸ್ತು. ಗೊರಕೆ ಹೊಡೆಯುವವರಿಗೆ ಕುಂಭಕರ್ಣನೆಂಬ ಬಿರುದು ಸುಲಭವಾಗಿ ಸಿಗುತ್ತದೆ. ಗೊರಕೆ ಜೋರಾದಷ್ಟೂ ನಿದ್ರೆ ಗಾಢವಾಗಿದೆ ಎಂಬ ನಂಬಿಕೆಯೂ ಇದೆ. ವಾಸ್ತವ ಇದಕ್ಕೆ ತದ್ವಿರುದ್ಧ. ಜೋರು ಗೊರಕೆ, ನಡುವೆ ಏಕಾಏಕಿ ಮೌನ, ಕೆಲವು ಕ್ಷಣಗಳ ಬಳಿಕ ನೀರಿನಿಂದ ಮೇಲೆದ್ದವರಂತೆ ಏದುಸಿರು, ಮತ್ತೆ ಗೊರಕೆ. ಈ ಕ್ರಮ ರಾತ್ರಿಯಿಡೀ ಪುನರಾವರ್ತನೆಯಾಗುತ್ತಿದ್ದರೆ ಅದು ಸುಖನಿದ್ರೆಯಲ್ಲ; ವೈದ್ಯಶಾಸ್ತ್ರ ಸ್ಲೀಪ್ ಆಪ್ನಿಯಾ ಎಂದು ಕರೆಯುವ ನಿದ್ರಾ ಉಸಿರುಕಟ್ಟು ರೋಗದ ಲಕ್ಷಣ. ಮಲಗಿದವನಿಗೆ ಇದರ ಅರಿವೇ ಇರುವುದಿಲ್ಲ. ಪಕ್ಕದಲ್ಲಿ ಮಲಗಿದವರೇ ಇದರ ಏಕೈಕ ಸಾಕ್ಷಿ.

2022ರ ಫೆಬ್ರವರಿಯಲ್ಲಿ ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿ ಮುಂಬಯಿಯಲ್ಲಿ ನಿಧನರಾದಾಗ, ಅವರಿಗೆ ಚಿಕಿತ್ಸೆ ನೀಡಿದ್ದ ವೈದ್ಯರು ಸಾವಿನ ಕಾರಣವಾಗಿ ಹೆಸರಿಸಿದ್ದು ಈ ರೋಗವನ್ನೇ. ಅವರಿಗೆ ಬೇರೆ ಕಾಯಿಲೆಗಳೂ ಇದ್ದವೆನ್ನುವುದು ನಿಜ. ಆದರೆ ಗೊರಕೆಯ ಸಂಗಾತಿಯಾದ ಈ ರೋಗದ ಹೆಸರನ್ನು ದೇಶದ ಲಕ್ಷಾಂತರ ಓದುಗರು ಮೊದಲ ಬಾರಿಗೆ ಕೇಳಿದ್ದು ಆಗಲೇ.

ರೋಗದ ಹರವು ಸಣ್ಣದಲ್ಲ. ಜಗತ್ತಿನಲ್ಲಿ 30ರಿಂದ 69 ವರ್ಷದೊಳಗಿನ ಸುಮಾರು 93 ಕೋಟಿ ಜನರಿಗೆ ಒಂದಲ್ಲ ಒಂದು ಪ್ರಮಾಣದಲ್ಲಿ ಈ ತೊಂದರೆಯಿದೆ ಎಂದು 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಂದಾಜು ಹೇಳಿತು. ಭಾರತದಲ್ಲಿ ನಡೆದ ವಿವಿಧ ಅಧ್ಯಯನಗಳನ್ನು ಒಟ್ಟುಗೂಡಿಸಿ ದೆಹಲಿಯ ಏಮ್ಸ್ ತಜ್ಞರು 2023ರಲ್ಲಿ ನೀಡಿದ ಲೆಕ್ಕದ ಪ್ರಕಾರ ವಯಸ್ಕರಲ್ಲಿ ಶೇ. 11ರಷ್ಟು ಮಂದಿ, ಅಂದರೆ ದುಡಿಯುವ ವಯಸ್ಸಿನ ಸುಮಾರು 10 ಕೋಟಿ ಭಾರತೀಯರು ಇದಕ್ಕೆ ಒಳಗಾಗಿದ್ದಾರೆ. ಇವರಲ್ಲಿ ಹೆಚ್ಚಿನವರಿಗೆ ತಮಗೆ ರೋಗವಿದೆ ಎಂಬುದೇ ತಿಳಿದಿಲ್ಲ.

ಗಂಟಲಲ್ಲಿ ನಡೆಯುವುದೇನು?

ಮೂಗಿನಿಂದ ಶ್ವಾಸನಾಳದವರೆಗಿನ ಉಸಿರಿನ ದಾರಿಯಲ್ಲಿ ಮೂಳೆಯ ಆಸರೆಯಿಲ್ಲದ ಒಂದು ಭಾಗವಿದೆ. ಮೆದು ಅಂಗುಳ ಮತ್ತು ಕಿರುನಾಲಗೆಯ ಹಿಂದೆ ಆರಂಭವಾಗಿ ನಾಲಗೆಯ ಬುಡದವರೆಗೆ ಇಳಿಯುವ ಈ ಕೊಳವೆಯನ್ನು ತೆರೆದಿಡುವುದು ಸುತ್ತಲಿನ ಸ್ನಾಯುಗಳು ಮಾತ್ರ. ಎಚ್ಚರವಿದ್ದಾಗ ಅವು ಬಿಗಿಯಾಗಿರುತ್ತವೆ. ನಿದ್ರೆ ಬಂದೊಡನೆ ಸಡಿಲಾಗುತ್ತವೆ. ಅಂಗಾತ ಮಲಗಿದಾಗ ನಾಲಗೆ ಹಿಂದಕ್ಕೆ ಜಾರುತ್ತದೆ, ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ನುಗ್ಗುವ ಗಾಳಿಗೆ ಮೆದು ಅಂಗುಳ ಅದುರಿದಾಗ ಹೊರಡುವ ಸದ್ದೇ ಗೊರಕೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಸದ್ದೂ ಇಲ್ಲ, ಉಸಿರೂ ಇಲ್ಲ.

ಉಸಿರು 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನಿಂತರೆ ಅದನ್ನು ಒಂದು ಆಪ್ನಿಯಾ ಎಂದು ಎಣಿಸಲಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದ್ದಂತೆ ಮಿದುಳು ಗಾಬರಿಗೊಂಡು ದೇಹವನ್ನು ಅರೆಕ್ಷಣ ಎಚ್ಚರಿಸುತ್ತದೆ. ಸ್ನಾಯು ಬಿಗಿಯಾಗಿ ಉಸಿರು ಮರಳುತ್ತದೆ. ಈ ಎಚ್ಚರ ಬೆಳಿಗ್ಗೆ ನೆನಪಿನಲ್ಲಿ ಉಳಿಯುವುದಿಲ್ಲ. ಗಂಟೆಗೆ ಇಂತಹ ಪೂರ್ಣ ಅಥವಾ ಭಾಗಶಃ ಅಡೆತಡೆಗಳು 5ರಿಂದ 15ರವರೆಗೆ ಇದ್ದರೆ ರೋಗ ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30 ದಾಟಿದರೆ ತೀವ್ರ. ಗಂಟೆಗೆ 30 ಎಂದರೆ ಎರಡು ನಿಮಿಷಕ್ಕೊಮ್ಮೆ ಕತ್ತು ಹಿಸುಕಿ ಬಿಟ್ಟಂತೆ. ಎಂಟು ತಾಸು ಮಲಗಿ ಎದ್ದರೂ ಮೈ ಭಾರ, ತಲೆ ಸಿಡಿತ, ಒಣಗಿದ ಬಾಯಿ, ಹಗಲೆಲ್ಲ ತೂಕಡಿಕೆ ಏಕೆ ಎಂಬುದಕ್ಕೆ ಉತ್ತರ ಇಲ್ಲಿದೆ. ರಾತ್ರಿಯುದ್ದಕ್ಕೂ ಏರಿಳಿಯುವ ರಕ್ತದೊತ್ತಡ ಕ್ರಮೇಣ ಹಗಲಿನಲ್ಲೂ ಇಳಿಯದೆ ನಿಲ್ಲುತ್ತದೆ. ಎರಡು ಮೂರು ಬಗೆಯ ಮಾತ್ರೆ ನುಂಗಿದರೂ ಹತೋಟಿಗೆ ಬಾರದ ರಕ್ತದೊತ್ತಡದ ಹಿಂದೆ ಎಷ್ಟೋ ಬಾರಿ ಅಡಗಿರುವುದು ಇದೇ ರೋಗ. ಹೃದಯದ ಲಯ ತಪ್ಪುವಿಕೆ, ಪಾರ್ಶ್ವವಾಯು, ಮಧುಮೇಹಗಳ ಜೊತೆಗೂ ಇದರ ನಂಟು ದೃಢಪಟ್ಟಿದೆ.

ಬೊಜ್ಜು ಇದರ ಮುಖ್ಯ ಕಾರಣ, ಆದರೆ ಒಂದೇ ಕಾರಣವಲ್ಲ. ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ತೆಳ್ಳಗಿರುವವರ ಕೆಳದವಡೆ ಚಿಕ್ಕದಾಗಿದ್ದರೆ ಅಥವಾ ಹಿಂದಕ್ಕೆ ಸರಿದಿದ್ದರೆ ಅವರ ನಾಲಗೆಗೂ ಬಾಯೊಳಗೆ ಜಾಗ ಸಾಲದು. ಏಷ್ಯಾದ ಜನರಲ್ಲಿ ಕಡಿಮೆ ತೂಕದವರಿಗೂ ಈ ರೋಗ ಬರಲು ಮುಖದ ಎಲುಬಿನ ರಚನೆ ಒಂದು ಕಾರಣವೆಂದು ತಜ್ಞರು ಗುರುತಿಸಿದ್ದಾರೆ. ದಂತವೈದ್ಯರು ಈ ಕಥೆಯೊಳಗೆ ಪ್ರವೇಶಿಸುವುದು ಇಲ್ಲಿಯೇ.

ದವಡೆ ಮುಂದೆ ಬಂದರೆ ದಾರಿ ತೆರೆಯುತ್ತದೆ

ಪ್ರಜ್ಞೆ ತಪ್ಪಿದವರ ಉಸಿರಿನ ದಾರಿ ತೆರೆಯಲು ಅರಿವಳಿಕೆ ತಜ್ಞರು ಕೆಳದವಡೆಯನ್ನು ಕೈಯಿಂದ ಮುಂದಕ್ಕೆತ್ತಿ ಹಿಡಿಯುತ್ತಾರೆ. ನಾಲಗೆಯ ಸ್ನಾಯು ಗಲ್ಲದ ಒಳಭಾಗಕ್ಕೆ ಅಂಟಿಕೊಂಡಿರುವುದರಿಂದ ದವಡೆಯೊಂದಿಗೆ ನಾಲಗೆಯೂ ಮುಂದಕ್ಕೆ ಬರುತ್ತದೆ. ಇದೇ ಕೆಲಸವನ್ನು ರಾತ್ರಿಯಿಡೀ ಮಾಡುವ ಸಾಧನವನ್ನು ಹಲ್ಲುಗಳಿಗೆ ತೊಡಿಸಿದರೆ? ಫ್ರಾನ್ಸಿನ ದಂತವೈದ್ಯ ಪಿಯೆರ್ ರಾಬಿನ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ, ಚಿಕ್ಕ ದವಡೆಯಿಂದಾಗಿ ನಾಲಗೆ ಹಿಂದಕ್ಕೆ ಬೀಳುವ ಮಕ್ಕಳಿಗಾಗಿ ಇಂಥ ಪ್ರಯತ್ನ ನಡೆಸಿದ್ದರು. ಆಗ ಸ್ಲೀಪ್ ಆಪ್ನಿಯಾ ಎಂಬ ಹೆಸರೇ ಹುಟ್ಟಿರಲಿಲ್ಲ. ರೋಗದ ಸ್ಪಷ್ಟ ವಿವರಣೆ ದೊರೆತದ್ದು 1960 ಮತ್ತು 70ರ ದಶಕಗಳಲ್ಲಿ. ಆ ಕಾಲದಲ್ಲಿ ಕತ್ತಿಗೆ ರಂಧ್ರ ಕೊರೆದು ಕೊಳವೆ ಕೂರಿಸುವುದೇ ತೀವ್ರ ರೋಗಿಗಳಿಗೆ ಇದ್ದ ಮುಖ್ಯ ದಾರಿ.

1981ರಲ್ಲಿ ಆಸ್ಟ್ರೇಲಿಯದ ವೈದ್ಯ ಕಾಲಿನ್ ಸಲಿವನ್ ಮೂಗಿನ ಮುಖವಾಡದ ಮೂಲಕ ನಿರಂತರವಾಗಿ ಗಾಳಿಯ ಒತ್ತಡ ನೀಡುವ ಸಿಪ್ಯಾಪ್ ಯಂತ್ರವನ್ನು ಪರಿಚಯಿಸಿದರು. ಗಾಳಿಯೇ ಗಂಟಲನ್ನು ಒಳಗಿನಿಂದ ಉಬ್ಬಿಸಿ ತೆರೆದಿಡುತ್ತದೆ. ಇಂದಿಗೂ ಮಧ್ಯಮ ಮತ್ತು ತೀವ್ರ ರೋಗಕ್ಕೆ ಇದೇ ಮೊದಲ ಚಿಕಿತ್ಸೆ, ಅದರಲ್ಲಿ ಎರಡು ಮಾತಿಲ್ಲ. ತೊಂದರೆಯೆಂದರೆ ಬಳಕೆ. ಮುಖಕ್ಕೆ ಮುಖವಾಡ, ಅದಕ್ಕೊಂದು ಕೊಳವೆ, ತಲೆದಿಂಬಿನ ಪಕ್ಕ ಯಂತ್ರ. ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ, ಕೆಲವರಿಗೆ ಮೂಗು ಒಣಗುತ್ತದೆ, ಹಲವರಿಗೆ ಸಂಕೋಚ. ಭಾರತವೂ ಸೇರಿ ಏಳು ದೇಶಗಳಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಯಂತ್ರದ ಸರಾಸರಿ ಬಳಕೆ ರಾತ್ರಿಗೆ 3.3 ತಾಸು ಮಾತ್ರ. ಹೃದಯಾಘಾತ, ಪಾರ್ಶ್ವವಾಯುಗಳ ಪ್ರಮಾಣ ಅದರಲ್ಲಿ ತಗ್ಗಲಿಲ್ಲ. ತೂಕಡಿಕೆ ಮತ್ತು ಗೊರಕೆ ತಗ್ಗಿದವು. ಕಪಾಟು ಸೇರಿದ ಯಂತ್ರ ಯಾರ ಗಂಟಲನ್ನೂ ತೆರೆಯದು.

ಬಾಯೊಳಗಿನ ಸಾಧನ ಇದಕ್ಕೆ ಹೋಲಿಸಿದರೆ ಸರಳ. ಮೇಲಿನ ಮತ್ತು ಕೆಳಗಿನ ಹಲ್ಲುಸಾಲಿಗೆ ತೊಡಿಸುವ ಅಕ್ರಿಲಿಕ್ಕಿನ ಎರಡು ತಟ್ಟೆಗಳು. ಕೆಳಗಿನದನ್ನು ಮುಂದಕ್ಕೆ ಹಿಡಿದಿಡುವ ತಿರುಪು ಅಥವಾ ಪಟ್ಟಿ. ಮೊದಲು ಹಲ್ಲುಗಳ ಅಚ್ಚು ತೆಗೆಯಲಾಗುತ್ತದೆ. ರೋಗಿ ತನ್ನ ದವಡೆಯನ್ನು ಎಷ್ಟು ಮುಂದಕ್ಕೆ ಚಾಚಬಲ್ಲ ಎಂಬುದನ್ನು ಅಳೆದು, ಅದರ ಅರ್ಧದಷ್ಟರಿಂದ ಆರಂಭಿಸಿ, ವಾರಗಳ ಅಂತರದಲ್ಲಿ ಅರೆ ಮಿಲಿಮೀಟರ್, ಒಂದು ಮಿಲಿಮೀಟರ್‌ನಂತೆ ಮುಂದೂಡುತ್ತಾ ಹೋಗುತ್ತಾರೆ. ಗೊರಕೆ ನಿಂತು ಹಗಲಿನ ತೂಕಡಿಕೆ ಹೋದಾಗ ಅಲ್ಲಿಗೆ ನಿಲ್ಲಿಸಿ, ಸಾಧನ ತೊಟ್ಟೇ ಮತ್ತೊಮ್ಮೆ ನಿದ್ರಾ ಪರೀಕ್ಷೆ ಮಾಡಿಸಬೇಕು. ಈ ಕೊನೆಯ ಹಂತವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಅದು ಅಪಾಯಕಾರಿ. ಸದ್ದು ನಿಂತರೂ ಉಸಿರು ನಿಲ್ಲುವುದು ಮುಂದುವರಿದಿರಬಹುದು; ಆಗ ಮನೆಯವರ ಎಚ್ಚರಿಕೆಯ ಗಂಟೆಯೂ ಇಲ್ಲದಂತಾಗುತ್ತದೆ.

ಅಮೆರಿಕದ ನಿದ್ರಾ ವೈದ್ಯರ ಮತ್ತು ನಿದ್ರಾ ದಂತವೈದ್ಯರ ಸಂಘಗಳು 2015ರಲ್ಲಿ ಜಂಟಿಯಾಗಿ ಹೊರಡಿಸಿದ ಮಾರ್ಗಸೂಚಿ, ಸಿಪ್ಯಾಪ್ ಸಹಿಸಲಾಗದ ಅಥವಾ ಪರ್ಯಾಯ ಬಯಸುವ ವಯಸ್ಕ ರೋಗಿಗಳಿಗೆ ಈ ಸಾಧನವನ್ನು ಶಿಫಾರಸು ಮಾಡುತ್ತದೆ. ಉಸಿರಿನ ಅಡೆತಡೆಗಳನ್ನು ತಗ್ಗಿಸುವುದರಲ್ಲಿ ಸಿಪ್ಯಾಪ್‌ನದೇ ಮೇಲುಗೈ. ಆದರೆ ಆಸ್ಟ್ರೇಲಿಯದಲ್ಲಿ ನೂರಕ್ಕೂ ಹೆಚ್ಚು ರೋಗಿಗಳ ಮೇಲೆ ಎರಡನ್ನೂ ಒಂದೊಂದು ತಿಂಗಳು ಪ್ರಯೋಗಿಸಿದ 2013ರ ಅಧ್ಯಯನದಲ್ಲಿ ರಕ್ತದೊತ್ತಡ, ತೂಕಡಿಕೆಗಳ ಮಟ್ಟಿಗೆ ಫಲಿತಾಂಶ ಹೆಚ್ಚುಕಡಿಮೆ ಸಮವಾಗಿತ್ತು. ಬಾಯಿಯ ಸಾಧನವನ್ನು ರೋಗಿಗಳು ಹೆಚ್ಚು ಹೊತ್ತು ತೊಟ್ಟಿದ್ದೇ ಇದರ ಗುಟ್ಟು.

ಜುಗೂಳದಂಥ ಊರಿಗೆ ಇದರಿಂದೇನು?

ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಜುಗೂಳ ಕೃಷ್ಣೆಯ ದಂಡೆಯ ಊರು. ನದಿಯ ಆಚೆ ದಡದಲ್ಲಿ ಮಹಾರಾಷ್ಟ್ರದ ಖಿದ್ರಾಪುರ, ಅಲ್ಲಿನ ಪ್ರಸಿದ್ಧ ಕೋಪೇಶ್ವರ ದೇಗುಲ. ಸುತ್ತೆಲ್ಲ ಕಬ್ಬು. 2005, 2019 ಮತ್ತು 2021ರ ಕೃಷ್ಣಾ ಪ್ರವಾಹಗಳನ್ನು ಕಂಡ ಸೀಮೆಯಿದು. ನೆರೆ ಬಂದಾಗ ಊರು ಬಿಟ್ಟು ಕಾಳಜಿ ಕೇಂದ್ರದ ಒಂದೇ ಕೋಣೆಯಲ್ಲಿ ಹತ್ತಾರು ಕುಟುಂಬ ಮಲಗಬೇಕಾಗುತ್ತದೆ. ವಿದ್ಯುತ್ ದಿನಗಟ್ಟಲೆ ಇರುವುದಿಲ್ಲ. ಸಿಪ್ಯಾಪ್ ಕೆಲಸ ಮಾಡುವುದು ವಿದ್ಯುತ್ತಿನಿಂದ. ನೆರೆಯಿಲ್ಲದ ದಿನಗಳಲ್ಲೂ ರಾತ್ರಿ ಕರೆಂಟು ಹೋದರೆ ಮುಖವಾಡ ಕಿತ್ತಿಡುವುದೊಂದೇ ದಾರಿ. ಅಂಗೈಯಷ್ಟಗಲದ ಡಬ್ಬಿಯಲ್ಲಿ ಹಿಡಿಸುವ, ಕರೆಂಟಿನ ಹಂಗಿಲ್ಲದ ಸಾಧನದ ಬೆಲೆ ಮಹಾನಗರದ ಓದುಗರಿಗಿಂತ ಇಂಥ ಊರಿನವರಿಗೆ ಬೇಗ ಅರ್ಥವಾದೀತು.

ಈ ಸೀಮೆಗೆ ಇನ್ನೊಂದು ಕಾರಣದಿಂದಲೂ ವಿಷಯ ಮುಖ್ಯ. ಕಬ್ಬು ನುರಿಸುವ ಹಂಗಾಮಿನಲ್ಲಿ ಕಾಗವಾಡ, ಉಗಾರ, ಅಥಣಿ, ರಾಯಬಾಗ, ಚಿಕ್ಕೋಡಿಯ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರು, ಲಾರಿಗಳು ರಾತ್ರಿಯಿಡೀ ಸಾಗುತ್ತವೆ, ಕಾರ್ಖಾನೆಯ ಮುಂದೆ ಸರತಿಯಲ್ಲಿ ನಿಲ್ಲುತ್ತವೆ. ನಿದ್ದೆಗೆಟ್ಟ ಚಾಲಕನಿಗೆ ಉಸಿರುಕಟ್ಟು ರೋಗವೂ ಇದ್ದರೆ ಸ್ಟೀರಿಂಗ್ ಹಿಡಿದಂತೆಯೇ ಕಣ್ಣು ಮುಚ್ಚುವ ಅರೆಕ್ಷಣ ಸಾಕು. ಈ ರೋಗವಿದ್ದು ಚಿಕಿತ್ಸೆ ಪಡೆಯದ ಚಾಲಕರಲ್ಲಿ ಅಪಘಾತದ ಸಂಭವ ಹೆಚ್ಚೆಂಬುದನ್ನು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಅಪಘಾತದ ಸುದ್ದಿಯಲ್ಲಿ ಮಾತ್ರ ‘ಚಾಲಕನ ಅಜಾಗರೂಕತೆ’ ಎಂಬ ಸಾಲಷ್ಟೇ ಉಳಿಯುತ್ತದೆ.

ಯಾರಿಗೆ ಒಗ್ಗುವುದಿಲ್ಲ?

ಸಾಧನ ನಿಲ್ಲುವುದು ಹಲ್ಲಿನ ಆಧಾರದ ಮೇಲೆ. ಪ್ರತಿ ದವಡೆಯಲ್ಲಿ ಕನಿಷ್ಠ ಎಂಟು ಹತ್ತು ಗಟ್ಟಿ ಹಲ್ಲುಗಳು ಬೇಕು, ಒಸಡು ಆರೋಗ್ಯವಾಗಿರಬೇಕು, ಬಾಯಿ ಸಾಕಷ್ಟು ತೆರೆಯಬೇಕು, ದವಡೆ ಕೊಂಚವಾದರೂ ಮುಂದಕ್ಕೆ ಚಲಿಸಬೇಕು. ಗಡಿಭಾಗದ ಮಟ್ಟಿಗೆ ಇದು ಸಣ್ಣ ಷರತ್ತಲ್ಲ. ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ಇರುವುದು ಇಲ್ಲಿಯೇ. ತಂಬಾಕು ಒಸಡನ್ನು ಸವೆಸಿ ಹಲ್ಲುಗಳ ಬೇರು ಸಡಿಲಿಸುತ್ತದೆ. ಅಡಿಕೆ ಬೆರೆತ ಗುಟ್ಕಾ, ಮಾವಾ ಜಗಿಯುವವರ ಕೆನ್ನೆಯ ಒಳಪದರ ನಾರಿನಂತೆ ಗಡುಸಾಗಿ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಪಾನ್ ಮಸಾಲೆ ಮತ್ತು ತಂಬಾಕಿನ ಎರಡು ಬೇರೆ ಬೇರೆ ಚೀಟಿ ಕೊಂಡು ಬಾಯಿಯಲ್ಲೇ ಬೆರೆಸುವ ಉಪಾಯ ಅದರ ಬೆನ್ನಿಗೇ ಬಂದಿತು. ಎರಡು ಬೆರಳು ಹೋಗದಷ್ಟು ಬಾಯಿ ಬಿಗಿದವರಿಗೆ ಅಚ್ಚು ತೆಗೆಯುವುದೂ ದುಸ್ತರ. ತಂಬಾಕು ಬಿಡಿಸಿ, ಒಸಡು ಸರಿಪಡಿಸಿ, ಹುಳುಕು ತುಂಬಿಸಿದ ಮೇಲಷ್ಟೇ ಸಾಧನದ ಮಾತು.

ಹಲ್ಲೆಲ್ಲ ಉದುರಿದ ಹಿರಿಯರ ಸ್ಥಿತಿ ಇನ್ನೂ ಬೇರೆ. ಹಲ್ಲಿಲ್ಲದ ಬಾಯಿ ಕುಸಿದು ನಾಲಗೆ ಹಿಂದಕ್ಕೆ ಒತ್ತುತ್ತದೆ. ಹಲ್ಲಿನ ಸೆಟ್ ತೊಟ್ಟೇ ಮಲಗುವುದು ಉಸಿರಿಗೆ ಅನುಕೂಲವೆಂದು ಕೆಲವು ಅಧ್ಯಯನಗಳೂ, ಹಾಗಲ್ಲವೆಂದು ಇನ್ನು ಕೆಲವೂ ಹೇಳಿವೆ. ಒಸಡಿಗೆ ವಿಶ್ರಾಂತಿ ನೀಡಲು ರಾತ್ರಿ ಸೆಟ್ ತೆಗೆದಿಡಬೇಕೆಂಬುದು ದಂತವೈದ್ಯರ ಸಾಂಪ್ರದಾಯಿಕ ಸಲಹೆ. ಇಂಥವರಿಗೆ ದವಡೆಯನ್ನು ಬಿಟ್ಟು ನಾಲಗೆಯನ್ನಷ್ಟೇ ಹೀರುಬಟ್ಟಲಿನಲ್ಲಿ ಮುಂದಕ್ಕೆ ಹಿಡಿದಿಡುವ ಸಾಧನವಿದೆಯಾದರೂ ಅದನ್ನು ಸಹಿಸುವವರು ಕಡಿಮೆ. ಬಡ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ನೀಡಲು ರಾಜ್ಯ ಸರ್ಕಾರ ‘ದಂತಭಾಗ್ಯ’ ಯೋಜನೆ ಆರಂಭಿಸಿತ್ತು. ಸೆಟ್ ಮಾಡಿಸಲು ಬಂದ ಹಿರಿಯರನ್ನು ಗೊರಕೆಯ ಬಗ್ಗೆ ವಿಚಾರಿಸಲು ದಂತವೈದ್ಯರಿಗೆ ಇಂಥ ಭೇಟಿಗಳಿಗಿಂತ ಒಳ್ಳೆಯ ಸಂದರ್ಭ ಬೇರೆ ಸಿಗದು.

ಅಡ್ಡಪರಿಣಾಮಗಳೂ ಇವೆ. ಮೊದಲ ವಾರಗಳಲ್ಲಿ ಜೊಲ್ಲು ಹೆಚ್ಚು, ಹಲ್ಲುಗಳಲ್ಲಿ ಬಿಗಿತ, ಬೆಳಿಗ್ಗೆ ಕಿವಿಯ ಮುಂದಿನ ದವಡೆ ಕೀಲಿನಲ್ಲಿ ನೋವು; ಇವು ಸಾಮಾನ್ಯವಾಗಿ ಶಮನವಾಗುತ್ತವೆ. ವರ್ಷಗಟ್ಟಲೆ ಬಳಸಿದವರಲ್ಲಿ ಮೇಲಿನ ಮುಂಬಲ್ಲು ಹಿಂದಕ್ಕೂ ಕೆಳಗಿನವು ಮುಂದಕ್ಕೂ ತುಸು ಸರಿದು ಕಚ್ಚುವಿಕೆ ಬದಲಾಗಬಹುದು. ಆದ್ದರಿಂದ ಆರು ತಿಂಗಳಿಗೊಮ್ಮೆ, ಬಳಿಕ ವರ್ಷಕ್ಕೊಮ್ಮೆ ತಪಾಸಣೆ ಬೇಕು. ಬಿಸಿನೀರಿನಲ್ಲಿ ಮೆತ್ತಗಾಗಿಸಿ ಕಚ್ಚಿಕೊಳ್ಳುವ, ಅಂತರ್ಜಾಲದ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ತಟ್ಟೆಗಳು ಇದಕ್ಕೆ ಬದಲಿಯಲ್ಲ. ಅವು ಜಾರುತ್ತವೆ, ದವಡೆಯನ್ನು ಎಷ್ಟು ಮುಂದಿಡಬೇಕೆಂಬ ಲೆಕ್ಕ ಅವಕ್ಕಿಲ್ಲ.

ಹಲ್ಲಿನ ಕುರ್ಚಿಯಲ್ಲಿ ಸಿಗುವ ಸುಳಿವು

ಚಿಕಿತ್ಸೆಗಿಂತ ಹೆಚ್ಚಾಗಿ ರೋಗವನ್ನು ಮೊದಲು ಅನುಮಾನಿಸುವುದರಲ್ಲಿ ದಂತವೈದ್ಯರ ಪಾತ್ರ ದೊಡ್ಡದು. ವರ್ಷಗಟ್ಟಲೆ ವೈದ್ಯರ ಬಳಿಗೆ ಹೋಗದವರೂ ಹಲ್ಲುನೋವಿಗೆ ಹೋಗುತ್ತಾರೆ. ಬಾಯಿ ತೆರೆದೊಡನೆ ಕಾಣುವ ಸಂಗತಿಗಳು ಕೆಲವಿವೆ: ಅಂಚಿನಲ್ಲಿ ಹಲ್ಲಿನ ಗುರುತು ಮೂಡಿದ ದೊಡ್ಡ ನಾಲಗೆ, ಕಿರಿದಾಗಿ ಕಮಾನಿನಂತೆ ಎತ್ತರಕ್ಕೆ ಏರಿದ ಅಂಗುಳ, ರಾತ್ರಿ ಹಲ್ಲು ಕಡಿದು ಸವೆದ ದವಡೆಹಲ್ಲು, ಊದಿದ ಟಾನ್ಸಿಲ್. ನಾಲಗೆ ಚಾಚಿದಾಗ ಕಿರುನಾಲಗೆ ಎಷ್ಟು ಕಾಣುತ್ತದೆ ಎಂಬುದರ ಮೇಲೆ ಗಂಟಲಿನ ಇಕ್ಕಟ್ಟನ್ನು ಅಳೆಯುವ ವಿಶ್ವಪ್ರಸಿದ್ಧ ವರ್ಗೀಕರಣವನ್ನು 1985ರಲ್ಲಿ ರೂಪಿಸಿದ್ದು ಆಂಧ್ರ ಮೂಲದ ಅರಿವಳಿಕೆ ತಜ್ಞ ಶೇಷಗಿರಿ ಮಲ್ಲಂಪಾಟಿ. ಗೊರಕೆ, ಹಗಲಿನ ದಣಿವು, ಉಸಿರು ನಿಂತದ್ದನ್ನು ಕಂಡವರಿದ್ದಾರೆಯೇ, ರಕ್ತದೊತ್ತಡ, ತೂಕ, ವಯಸ್ಸು, ಕತ್ತಿನ ಸುತ್ತಳತೆ, ಗಂಡೋ ಹೆಣ್ಣೋ ಎಂಬ ಎಂಟು ಪ್ರಶ್ನೆಗಳ ಪಟ್ಟಿಗೆ ಐದು ನಿಮಿಷ ಸಾಕು. ಮಹಿಳೆಯರಲ್ಲಿ ಗೊರಕೆಗಿಂತ ನಿದ್ರಾಹೀನತೆ, ದಣಿವು, ತಲೆನೋವು ಎದ್ದು ಕಾಣುವುದರಿಂದ ರೋಗ ಕೈತಪ್ಪುವುದು ಹೆಚ್ಚು. ಋತುಬಂಧದ ಬಳಿಕ ಅವರಲ್ಲೂ ಇದು ಏರುತ್ತದೆ.

ಆದರೆ ಅನುಮಾನವೇ ನಿರ್ಣಯವಲ್ಲ. ರೋಗ ನಿರ್ಧರಿಸುವುದು ನಿದ್ರಾ ಪರೀಕ್ಷೆ ಮತ್ತು ವೈದ್ಯರು. ಮಿದುಳಿನ ತರಂಗ, ಉಸಿರು, ಎದೆಯ ಚಲನೆ, ಆಮ್ಲಜನಕ, ಹೃದಯದ ಬಡಿತಗಳನ್ನು ರಾತ್ರಿಯಿಡೀ ದಾಖಲಿಸುವ ಪರೀಕ್ಷೆ ಪ್ರಯೋಗಾಲಯದಲ್ಲಿ ನಡೆಯುತ್ತದೆ. ಕಡಿಮೆ ತಂತಿಗಳ ಚಿಕ್ಕ ಉಪಕರಣವನ್ನು ಮನೆಗೊಯ್ದು ಮಲಗುವ ವ್ಯವಸ್ಥೆಯೂ ಈಗ ಇದೆ. ಪರೀಕ್ಷೆಯಿಲ್ಲದೆ ನೇರವಾಗಿ ಸಾಧನ ತಯಾರಿಸಿ ಕೊಡುವುದು ಸರಿಯಾದ ಕ್ರಮವಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ಲೆಕ್ಕಾಚಾರವೇ ಬೇರೆ. ಬಾಯಿ ತೆರೆದು ಮಲಗುವ, ಗೊರಕೆ ಹೊಡೆಯುವ, ಹಾಸಿಗೆ ಒದ್ದೆ ಮಾಡುವ, ಶಾಲೆಯಲ್ಲಿ ತೂಕಡಿಸದೆ ಬದಲಿಗೆ ವಿಪರೀತ ಚಂಚಲವಾಗುವ ಮಗುವಿಗೆ ಮೊದಲು ಬೇಕಾದದ್ದು ಕಿವಿ-ಮೂಗು-ಗಂಟಲು ತಜ್ಞರ ಭೇಟಿ. ಊದಿದ ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆದರೆ ಬಹುತೇಕರಲ್ಲಿ ಸುಧಾರಣೆ ಕಾಣುತ್ತದೆ. ಅಂಗುಳ ಕಿರಿದಾಗಿದ್ದರೆ ವಕ್ರದಂತ ತಜ್ಞರು ತಿರುಪಿನ ತಟ್ಟೆಯಿಂದ ಅದನ್ನು ನಿಧಾನವಾಗಿ ಅಗಲಿಸುತ್ತಾರೆ. ಬಾಲ್ಯದಲ್ಲಿ ಬಿದ್ದು ಗಲ್ಲಕ್ಕೆ ಪೆಟ್ಟಾಗಿ, ಅಥವಾ ಕಿವಿ ಸೋಂಕು ಹರಡಿ ದವಡೆಯ ಕೀಲು ಬೆಸೆದುಕೊಂಡ ಮಕ್ಕಳದು ಇನ್ನೂ ಕಷ್ಟದ ಸ್ಥಿತಿ: ಕೆಳದವಡೆ ಬೆಳೆಯದೆ ಗಲ್ಲ ಹಕ್ಕಿಯ ಮುಖದಂತೆ ಒಳಸರಿದು, ರಾತ್ರಿ ಕೂತೇ ನಿದ್ರಿಸುವಷ್ಟು ಉಸಿರಿನ ಬವಣೆ. ಕೀಲು ಬಿಡಿಸಿ, ದವಡೆ ಎಲುಬನ್ನು ಕತ್ತರಿಸಿ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಹಿಗ್ಗಿಸುವ ಶಸ್ತ್ರಚಿಕಿತ್ಸೆ ಇವರಿಗೆ ಹೊಸ ಜೀವ ನೀಡಿದೆ. ಇದನ್ನು ಮಾಡುವವರೂ ಮೂಲತಃ ದಂತವೈದ್ಯಕೀಯ ಓದಿದ ಮುಖ ಮತ್ತು ದವಡೆ ಶಸ್ತ್ರಚಿಕಿತ್ಸಕರು. ತೀವ್ರ ರೋಗವಿರುವ ವಯಸ್ಕರಲ್ಲಿ ಎರಡೂ ದವಡೆಗಳನ್ನು ಮುಂದಕ್ಕೆ ತಂದು ಕೂರಿಸುವ ಶಸ್ತ್ರಕ್ರಿಯೆ ಬೇರೆ ಬಹುತೇಕ ಶಸ್ತ್ರಕ್ರಿಯೆಗಳಿಗಿಂತ ಹೆಚ್ಚು ಫಲಕಾರಿ, ಅಷ್ಟೇ ದೊಡ್ಡದು ಕೂಡ.

ತೂಕ ಇಳಿಸುವುದು, ರಾತ್ರಿ ಮದ್ಯ ಮತ್ತು ನಿದ್ರೆ ಮಾತ್ರೆ ಬಿಡುವುದು, ಮಗ್ಗುಲಾಗಿ ಮಲಗುವುದು ಯಾವ ಚಿಕಿತ್ಸೆಯ ಜೊತೆಗೂ ಬೇಕಾದವು. ಬೊಜ್ಜಿನೊಂದಿಗೆ ಈ ರೋಗವೂ ಇರುವವರಿಗೆಂದು ಟಿರ್ಜೆಪಟೈಡ್ ಚುಚ್ಚುಮದ್ದಿಗೆ ಅಮೆರಿಕ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ನೀಡಿತು. ಸ್ಲೀಪ್ ಆಪ್ನಿಯಾಕ್ಕೆ ಔಷಧವೊಂದು ಅಲ್ಲಿ ಮಾನ್ಯತೆ ಪಡೆದದ್ದು ಇದೇ ಮೊದಲು. ಅದೇ ಮದ್ದು 2025ರಲ್ಲಿ ಮಧುಮೇಹ ಮತ್ತು ಬೊಜ್ಜಿಗಾಗಿ ಭಾರತದ ಮಾರುಕಟ್ಟೆಗೂ ಬಂದಿತು. ಬೆಲೆ ಮಾತ್ರ ಸಾಮಾನ್ಯರ ಕೈಗೆ ಎಟುಕುವಂತಿಲ್ಲ.

ಜುಗೂಳದ ರೋಗಿಗೆ ಹತ್ತಿರದ ದೊಡ್ಡ ಆಸ್ಪತ್ರೆಗಳ ಊರು ಗಡಿಯಾಚೆಯ ಮಿರಜ. ಕರ್ನಾಟಕದೊಳಗೇ ಹೋಗುವುದಾದರೆ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಬೆಳಗಾವಿ. ಅಲ್ಲಿ 1985ರಲ್ಲಿ ಆರಂಭವಾದ ಕೆ.ಎಲ್.ಇ. ಸಂಸ್ಥೆಯ ವಿ.ಕೆ. ದಂತ ವಿಜ್ಞಾನ ಸಂಸ್ಥೆಯೂ, ಅದೇ ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆಯೂ ಇವೆ. ಧಾರವಾಡದ ಎಸ್.ಡಿ.ಎಂ. ದಂತ ಮಹಾವಿದ್ಯಾಲಯ ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸೆಗೆ ಹೆಸರಾಗಿದೆ. ಬೆಂಗಳೂರಿನ ನಿಮ್ಹಾನ್ಸ್ ನಿದ್ರೆಯ ಅಧ್ಯಯನದಲ್ಲಿ ದೀರ್ಘ ಅನುಭವವುಳ್ಳ ಸಂಸ್ಥೆ. ಹೊರಡುವ ಮುನ್ನ ಮನೆಯವರು ಮಾಡಬಹುದಾದ ಒಂದು ಕೆಲಸವಿದೆ. ಮಲಗಿದವರ ಉಸಿರನ್ನು ಮೊಬೈಲಿನಲ್ಲಿ ಐದು ಹತ್ತು ನಿಮಿಷ ಚಿತ್ರೀಕರಿಸಿಕೊಳ್ಳುವುದು. ‘ನಾನೆಲ್ಲಿ ಗೊರಕೆ ಹೊಡೆಯುತ್ತೇನೆ’ ಎಂದು ವಾದಿಸುವ ರೋಗಿಯೆದುರು, ಪ್ರಶ್ನೆ ಕೇಳುವ ವೈದ್ಯರೆದುರು ಆ ದೃಶ್ಯಕ್ಕಿಂತ ಸ್ಪಷ್ಟವಾದ ಹೇಳಿಕೆ ಬೇರೊಂದಿಲ್ಲ. ರಕ್ತದೊತ್ತಡದ ಮಾತ್ರೆಗಳ ಚೀಟಿ ಮತ್ತು ಹಳೆಯ ಹಲ್ಲಿನ ಎಕ್ಸ್-ರೇ ಇದ್ದರೆ ಅವನ್ನೂ ಜೊತೆಗೊಯ್ಯಬೇಕು.